'ಎಲ್ಲವನ್ನೂ ನೀವೇ ಮಾಡುತ್ತೀರಾ?': ಬಾಯಿ ಆರೋಗ್ಯ ಚಿಕಿತ್ಸಕರು ರೂಪುಗೊಳ್ಳುವ ಬಗೆ

ಆರು ವರ್ಷದ ಮಗುವೊಂದು ದಂತ ಚಿಕಿತ್ಸಾಲಯದ ಕುರ್ಚಿಯಲ್ಲಿ ಒರಗಿದೆ. ಎಡಗೆನ್ನೆಯ ಮೇಲೆ ಕೈ, ಕಣ್ಣಲ್ಲಿ ನೀರು. ಎದುರಿಗಿರುವುದು ಮುಖಗವಸು, ಕೈಗವಸು ತೊಟ್ಟ ವಿದ್ಯಾರ್ಥಿನಿ. ಇದುವರೆಗೆ ಆಕೆ ಕೊರೆದಿರುವುದು ಪ್ಲಾಸ್ಟಿಕ್ ಹಲ್ಲುಗಳನ್ನು ಮಾತ್ರ. ಅವು ಅಳುವುದಿಲ್ಲ, ಥಟ್ಟನೆ ಬಾಯಿ ಮುಚ್ಚುವುದಿಲ್ಲ, ನಾಲಿಗೆಯನ್ನು ಅಡ್ಡ ತರುವುದಿಲ್ಲ. ಪಕ್ಕದಲ್ಲಿ ಕುಳಿತ ತಾಯಿ ಕೇಳುವ ಪ್ರಶ್ನೆ ಒಂದೇ: 'ಎಲ್ಲವನ್ನೂ ನೀವೇ ಮಾಡುತ್ತೀರಾ?'

ಯಾವ ತಾಯಿಯಾದರೂ ಕೇಳಬೇಕಾದ ಪ್ರಶ್ನೆಯಿದು. ಈಜು ಕಲಿಯಬೇಕಾದರೆ ನೀರಿಗಿಳಿಯಲೇಬೇಕು, ನಿಜ. ಆದರೆ ವೈದ್ಯಕೀಯ ಕ್ಷೇತ್ರದಲ್ಲಿ ಕಲಿಯುವವರು ತಪ್ಪಿದರೆ ಅದರ ನೋವು ಬೇರೊಬ್ಬರದು. ಕಲಿಯದೆ ಬಿಟ್ಟರೆ ಮುಂದಿನ ತಲೆಮಾರಿಗೆ ಚಿಕಿತ್ಸಕರೇ ಇರುವುದಿಲ್ಲ. ಈ ಇಕ್ಕಟ್ಟನ್ನು ಆಸ್ಟ್ರೇಲಿಯದಲ್ಲಿ 'ಓರಲ್ ಹೆಲ್ತ್ ಥೆರಪಿಸ್ಟ್' ಅಂದರೆ ಬಾಯಿ ಆರೋಗ್ಯ ಚಿಕಿತ್ಸಕರ ಶಿಕ್ಷಣ ಹೇಗೆ ನಿಭಾಯಿಸುತ್ತಿದೆ ಎಂಬುದು ತಿಳಿಯಬೇಕಾದ ಸಂಗತಿ. ಅಲ್ಲಿ ಇದಕ್ಕೆ 'ಕ್ಲಿನಿಕಲ್ ಪ್ಲೇಸ್‌ಮೆಂಟ್' ಎನ್ನುತ್ತಾರೆ. ತರಗತಿಯಿಂದ ಹೊರಗೆ, ನಿಜವಾದ ರೋಗಿಗಳ ನಡುವೆ ನಡೆಯುವ ತರಬೇತಿಯಿದು.

ಯಾರಿವರು?

ಬಾಯಿ ಆರೋಗ್ಯ ಚಿಕಿತ್ಸಕರು ದಂತವೈದ್ಯರಲ್ಲ, ದಂತವೈದ್ಯರ ಸಹಾಯಕರೂ ಅಲ್ಲ. ಹಲ್ಲು ಮತ್ತು ಒಸಡುಗಳನ್ನು ಶುಚಿಗೊಳಿಸಿ ರೋಗ ತಡೆಯುವ ಹೈಜೀನಿಸ್ಟ್ ಹಾಗೂ ಮುಖ್ಯವಾಗಿ ಮಕ್ಕಳ ಹಲ್ಲುಗಳಿಗೆ ಚಿಕಿತ್ಸೆ ನೀಡುವ ಡೆಂಟಲ್ ಥೆರಪಿಸ್ಟ್, ಈ ಎರಡೂ ವೃತ್ತಿಗಳ ವಿದ್ಯೆಯನ್ನು ಒಟ್ಟಿಗೆ ಕಲಿತವರು. ಬಾಯಿಯ ತಪಾಸಣೆ, ಎಕ್ಸ್-ರೇ, ಹುಳುಕು ಹಲ್ಲಿಗೆ ಫಿಲ್ಲಿಂಗ್, ಹಾಲುಹಲ್ಲು ಕೀಳುವುದು, ಒಸಡಿನಂಚಿನ ಗಾರೆ ತೆಗೆಯುವುದು, ಫ್ಲೋರೈಡ್ ಲೇಪನ ಇವೆಲ್ಲ ಅವರ ವ್ಯಾಪ್ತಿಗೆ ಬರುತ್ತವೆ. ಶಾಶ್ವತ ಹಲ್ಲಿನ ರೂಟ್ ಕೆನಾಲ್, ಶಸ್ತ್ರಚಿಕಿತ್ಸೆ, ಕೃತಕ ದಂತಪಂಕ್ತಿಯಂಥ ಕೆಲಸಗಳನ್ನು ಅವರು ದಂತವೈದ್ಯರಿಗೆ ಅಥವಾ ಸಂಬಂಧಪಟ್ಟ ತಜ್ಞರಿಗೆ ಒಪ್ಪಿಸುತ್ತಾರೆ.

ಸಾಮಾನ್ಯವಾಗಿ ಇದು ಮೂರು ವರ್ಷಗಳ ಪದವಿ. ಅಡಿಲೇಡ್, ಮೆಲ್ಬೋರ್ನ್, ಸಿಡ್ನಿ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಇದರ ಬೋಧನೆಯಿದೆ. 2010ರ ಜುಲೈ 1ರಂದು ರಾಷ್ಟ್ರಮಟ್ಟದ ನೋಂದಣಿ ಪದ್ಧತಿ ಜಾರಿಗೆ ಬಂದಾಗ ಈ ವೃತ್ತಿಗೆ ಪ್ರತ್ಯೇಕ ವಿಭಾಗವೇ ದೊರೆಯಿತು. ವಿದ್ಯಾರ್ಥಿಗಳ ಹೆಸರೂ ನೋಂದಣಿ ಪುಸ್ತಕ ಸೇರುತ್ತದೆ. ಅಂದರೆ ರೋಗಿಯ ಬಳಿಗೆ ಬರುವ ವಿದ್ಯಾರ್ಥಿ ಆಗಲೇ ಕಾನೂನಿನ ಕಣ್ಣಿಗೆ ಬಿದ್ದ ವ್ಯಕ್ತಿ.

ಯುದ್ಧ ತೋರಿಸಿದ ಹುಳುಕು

ಈ ವೃತ್ತಿಯ ಬೇರು ನ್ಯೂಜಿಲೆಂಡಿನಲ್ಲಿದೆ. ಮೊದಲ ಮಹಾಯುದ್ಧಕ್ಕೆ ಸೇರಬಂದ ಯುವಕರ ಹಲ್ಲುಗಳ ದುಃಸ್ಥಿತಿ ಆ ಪುಟ್ಟ ದೇಶವನ್ನು ಬೆಚ್ಚಿಬೀಳಿಸಿತು. ಬಾಲ್ಯದಲ್ಲೇ ಆರೈಕೆಯಾಗದಿದ್ದರೆ ಯೌವನದಲ್ಲಿ ಉಳಿಯುವುದು ಕೀಳುವ ಕೆಲಸವೊಂದೇ ಎಂಬುದು ಸ್ಪಷ್ಟವಾಯಿತು. ಸೇನೆಯ ದಂತಸೇವೆಯ ಮುಖ್ಯಸ್ಥರಾಗಿದ್ದ ಥಾಮಸ್ ಹಂಟರ್ ಅವರ ಮುಂದಾಳತ್ವದಲ್ಲಿ 1921ರಲ್ಲಿ ವೆಲ್ಲಿಂಗ್ಟನ್ ನಗರದಲ್ಲಿ ಯುವತಿಯರಿಗೆ ಎರಡು ವರ್ಷಗಳ 'ಶಾಲಾ ದಂತ ದಾದಿ' ತರಬೇತಿ ಆರಂಭವಾಯಿತು. ದಂತವೈದ್ಯರಲ್ಲದವರು ಹಲ್ಲು ಕೊರೆಯುವುದೇ ಎಂದು ವೃತ್ತಿಬಾಂಧವರಿಂದ ವಿರೋಧವೂ ಬಂದಿತು.

ಆದರೂ ಆ ಮಾದರಿ ಬೇರೆ ದೇಶಗಳಿಗೆ ಹಬ್ಬಿತು. 1960ರ ದಶಕದಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ರಾಜ್ಯಗಳು ಅದನ್ನು ಅಳವಡಿಸಿಕೊಂಡವು. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ನ್ಯೂಜಿಲೆಂಡಿನ ಮಕ್ಕಳು ಶಾಲಾ ದಂತ ಚಿಕಿತ್ಸಾಲಯಕ್ಕೆ ಇಟ್ಟ ಅಡ್ಡಹೆಸರು 'ಕೊಲೆಮನೆ'. ಕೈಚಳಕವೊಂದೇ ಸಾಲದು, ಭಯಪಡುವ ಮಗುವನ್ನು ನಡೆಸಿಕೊಳ್ಳುವ ಬಗೆಯೂ ಶಿಕ್ಷಣವೇ ಎಂಬ ಪಾಠ ಆ ಹೆಸರಿನಲ್ಲಿದೆ.

ಗೊಂಬೆಯಿಂದ ಮಗುವಿನೆಡೆಗೆ

ಇಂದಿನ ವಿದ್ಯಾರ್ಥಿ ಮೊದಲು ಕೂರುವುದು ಗೊಂಬೆಯ ತಲೆಯ ಮುಂದೆ. ರಬ್ಬರಿನ ಕೆನ್ನೆ, ಬದಲಾಯಿಸಬಹುದಾದ ಪ್ಲಾಸ್ಟಿಕ್ ಹಲ್ಲುಗಳು, ನಿಜವಾದ ಕೊರೆಯುವ ಯಂತ್ರ. ಪುಟ್ಟ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುವ ಹಲ್ಲನ್ನು ನೋಡುತ್ತಾ ಕೈ ಆಡಿಸುವುದನ್ನು ಇಲ್ಲಿ ರೂಢಿಸಿಕೊಳ್ಳಬೇಕು. ಹತ್ತಾರು ಹಲ್ಲುಗಳು ಹಾಳಾದರೂ ಯಾರಿಗೂ ನೋವಿಲ್ಲ.

ಆನಂತರ ಸಹಪಾಠಿಗಳೇ ಪರಸ್ಪರ ರೋಗಿಗಳಾಗಿ ತಪಾಸಣೆಯ ಅಭ್ಯಾಸ ಮಾಡುವುದುಂಟು. ಕುರ್ಚಿಯಲ್ಲಿ ಮಲಗಿದವನಿಗೆ ದೀಪದ ಬೆಳಕು ಕಣ್ಣಿಗೆ ಹೇಗೆ ಹೊಡೆಯುತ್ತದೆ, ಗಂಟಲಿಗೆ ನೀರು ಇಳಿದಾಗ ಎಷ್ಟು ಗಾಬರಿಯಾಗುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಆಗ ತಿಳಿಯುತ್ತದೆ. ಉಪಕರಣಗಳ ಶುದ್ಧೀಕರಣ, ಕೈ ತೊಳೆಯುವ ಕ್ರಮ, ಹೆಪಟೈಟಿಸ್-ಬಿ ಲಸಿಕೆ, ತುರ್ತುಸ್ಥಿತಿಯ ಪ್ರಥಮ ಚಿಕಿತ್ಸೆ ಇವುಗಳ ಬಗ್ಗೆ ಖಚಿತವಾದ ಮೇಲಷ್ಟೇ ಚಿಕಿತ್ಸಾಲಯದ ಬಾಗಿಲು ತೆರೆಯುತ್ತದೆ.

ಒಂದು ಹಲ್ಲು, ಹಲವು ತಪಾಸಣೆ

ಈಗ ಆ ತಾಯಿಯ ಪ್ರಶ್ನೆಗೆ ಮರಳೋಣ. ಉತ್ತರ ಹೀಗಿದೆ: ಕೈ ವಿದ್ಯಾರ್ಥಿನಿಯದು, ಅನುಮತಿ ಮೇಲ್ವಿಚಾರಕರದು.

ಮೊದಲಿಗೆ ಆಕೆ ತಾನು ವಿದ್ಯಾರ್ಥಿನಿ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮಗುವಿನ ಕಾಯಿಲೆ, ಔಷಧಿ, ಅಲರ್ಜಿಗಳ ವಿವರ ಪಡೆಯಬೇಕು. ಬಾಯಿ ಪರೀಕ್ಷಿಸಿ, ಅಗತ್ಯವಿದ್ದರೆ ಎಕ್ಸ್-ರೇ ನೋಡಿ, ತನ್ನ ನಿರ್ಣಯವನ್ನೂ ಚಿಕಿತ್ಸೆಯ ಯೋಜನೆಯನ್ನೂ ಮೇಲ್ವಿಚಾರಕರ ಮುಂದೆ ಮಂಡಿಸಬೇಕು. ಅವರು ಸ್ವತಃ ಬಾಯಿ ನೋಡಿ ಒಪ್ಪಿದ ಮೇಲೆ ಪೋಷಕರ ಸಮ್ಮತಿ. ತಾಯಿ 'ಬೇಡ' ಎಂದರೆ ಅಲ್ಲಿಗೇ ಮುಗಿಯಿತು.

ಮುಂದಿನ ಹೆಜ್ಜೆ ಅರಿವಳಿಕೆ ಚುಚ್ಚುಮದ್ದು. ಇಲ್ಲಿ ಲೆಕ್ಕ ತಪ್ಪುವಂತಿಲ್ಲ. ಲಿಗ್ನೋಕೇನ್ ಔಷಧಿಗೆ ಪಠ್ಯಗಳು ಸಾಮಾನ್ಯವಾಗಿ ಹೇಳುವ ಮಿತಿ ದೇಹತೂಕದ ಪ್ರತಿ ಕಿಲೋಗೆ 4.4 ಮಿಲಿಗ್ರಾಂ. ಮಗುವಿನ ತೂಕ 20 ಕಿಲೋ ಎಂದಾದರೆ ಗರಿಷ್ಠ 88 ಮಿಲಿಗ್ರಾಂ. ಶೇ. 2ರ ಸಾಂದ್ರತೆಯ 2.2 ಮಿಲಿಲೀಟರ್ ಕೊಳವೆಯೊಂದರಲ್ಲಿ 44 ಮಿಲಿಗ್ರಾಂ ಔಷಧಿ ಇರುತ್ತದೆ. ಎರಡು ಕೊಳವೆಗಳಿಗೆ ಮಿತಿ ಮುಗಿದುಹೋಗುತ್ತದೆ. ದೊಡ್ಡವರಿಗೆ ಮಾಮೂಲಿ ಎನಿಸುವ ಪ್ರಮಾಣ ಮಗುವಿಗೆ ಅಪಾಯವಾಗಬಹುದು. ಈ ಲೆಕ್ಕವನ್ನು ಒಪ್ಪಿಸಿದ ಬಳಿಕವೇ, ಮೇಲ್ವಿಚಾರಕರ ಸಮಕ್ಷಮದಲ್ಲಿ ವಿದ್ಯಾರ್ಥಿನಿ ಸಿರಿಂಜ್ ಎತ್ತಿಕೊಳ್ಳುತ್ತಾಳೆ.

ಮಗುವಿನೊಡನೆ ವ್ಯವಹರಿಸಲು ಮೂರು ಪದಗಳ ಸೂತ್ರವಿದೆ: ಹೇಳು, ತೋರಿಸು, ಮಾಡು. ತಿರುಗುವ ಬ್ರಷ್ಷನ್ನು ಮೊದಲು ಮಗುವಿನ ಉಗುರಿಗೆ ತಾಗಿಸಿ ಕಚಗುಳಿ ಇಟ್ಟು, ಆಮೇಲೆ ಹಲ್ಲಿಗೆ ಒಯ್ಯುವುದು. 'ಸಾಕು ಎನಿಸಿದರೆ ಕೈ ಎತ್ತು' ಎಂದು ಒಪ್ಪಂದ ಮಾಡಿಕೊಂಡರೆ, ಕೈ ಎತ್ತಿದಾಗ ನಿಲ್ಲಿಸಲೇಬೇಕು. ಒಮ್ಮೆ ಮಾತು ತಪ್ಪಿದರೆ ಆ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ.

ಹುಳುಕು ತೆಗೆದ ಮೇಲೆ ಮತ್ತೆ ನಿಲುಗಡೆ. ಇನ್ನೂ ಉಳಿದಿದೆಯೇ, ಹಲ್ಲಿನ ನರದ ಹತ್ತಿರಕ್ಕೆ ಹೋಗಿದೆಯೇ ಎಂದು ಮೇಲ್ವಿಚಾರಕರು ನೋಡುತ್ತಾರೆ. ಫಿಲ್ಲಿಂಗ್ ಆದ ಬಳಿಕ ಮತ್ತೊಂದು ತಪಾಸಣೆ. ಮರಗಟ್ಟಿದ ತುಟಿಯನ್ನು ಮಗು ಅರಿವಿಲ್ಲದೆ ಕಚ್ಚಿಕೊಂಡು ಗಾಯ ಮಾಡಿಕೊಳ್ಳುವ ಸಾಧ್ಯತೆ ಇರುವುದರಿಂದ ತಾಯಿಗೆ ಎಚ್ಚರಿಕೆ ನೀಡಬೇಕು. ಕೊನೆಯಲ್ಲಿ ದಾಖಲೆಗೆ ಮೇಲ್ವಿಚಾರಕರ ಅನುಮೋದನೆ. ಅನುಭವಿ ಚಿಕಿತ್ಸಕರು ಬೇಗನೆ ಮುಗಿಸಬಹುದಾದ ಕೆಲಸ ಇಲ್ಲಿ ದುಪ್ಪಟ್ಟು ಹೊತ್ತು ಹಿಡಿಯಬಹುದು. ಈ ನಿಧಾನವೇ ರೋಗಿಯ ರಕ್ಷಣೆ.

ರೋಗಿ ಹೋದ ಮೇಲೆ ವಿದ್ಯಾರ್ಥಿನಿಗೆ ಇನ್ನೊಂದು ಕೆಲಸವಿರುತ್ತದೆ. ಎಲ್ಲಿ ಎಡವಿದೆ, ಯಾಕೆ, ಮುಂದಿನ ಸಲ ಏನು ಮಾಡುವೆ ಎಂದು ತಾನೇ ಬರೆದಿಟ್ಟು ಮೇಲ್ವಿಚಾರಕರೊಡನೆ ಚರ್ಚಿಸುವುದು. ಎಷ್ಟು ಹಲ್ಲು ತುಂಬಿದೆ ಎಂಬ ಎಣಿಕೆಗಿಂತ, ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು ಎಂಬ ತಿಳಿವಳಿಕೆಗೆ ಇಲ್ಲಿ ಬೆಲೆ ಹೆಚ್ಚು. ಅದಕ್ಕೆ ಕಾರಣವೂ ಇದೆ. ದಂತವೈದ್ಯರೊಂದಿಗೆ ಔಪಚಾರಿಕ ವೃತ್ತಿಸಂಬಂಧ ಹೊಂದಿರಲೇಬೇಕೆಂಬ ನಿಯಮವನ್ನು ಆಸ್ಟ್ರೇಲಿಯ 2020ರ ಜುಲೈನಲ್ಲಿ ಕೈಬಿಟ್ಟಿತು. ಪದವಿ ಪಡೆದ ಚಿಕಿತ್ಸಕರು ತಮ್ಮ ಮಿತಿಯನ್ನು ತಾವೇ ಅರಿತು ನಡೆಯಬೇಕು. ಆ ಅರಿವು ಹುಟ್ಟುವ ಜಾಗ ಪ್ಲೇಸ್‌ಮೆಂಟ್.

ನಗರದಾಚೆಯ ಪಾಠ

ಬೋಧನಾ ಆಸ್ಪತ್ರೆಯ ನಂತರ ವಿದ್ಯಾರ್ಥಿಗಳನ್ನು ಶಾಲೆ, ಸಮುದಾಯ ಚಿಕಿತ್ಸಾಲಯ, ವೃದ್ಧಾಶ್ರಮ ಹಾಗೂ ದೂರದ ಪಟ್ಟಣಗಳಿಗೆ ಕಳುಹಿಸಲಾಗುತ್ತದೆ. ವೈದ್ಯರು ನಗರಗಳಲ್ಲಿ ಗುಂಪುಗೂಡಿ ಹಳ್ಳಿಗಳು ಬರಿದಾಗುವ ಸಮಸ್ಯೆ ಆಸ್ಟ್ರೇಲಿಯಕ್ಕೂ ಹೊಸದಲ್ಲ. ಲಾ ಟ್ರೋಬ್ ವಿಶ್ವವಿದ್ಯಾಲಯ ದಂತಶಿಕ್ಷಣವನ್ನು ಮೆಲ್ಬೋರ್ನ್‌ನಿಂದ ಸುಮಾರು 150 ಕಿ.ಮೀ. ದೂರದ ಬೆಂಡಿಗೋದಲ್ಲಿ ನಡೆಸುವುದರ ಹಿಂದೆ ಇರುವುದೂ ಅದೇ ಆಲೋಚನೆ. ಕಲಿತ ಊರಿನ ಸುತ್ತಮುತ್ತ ಕೆಲವರಾದರೂ ನೆಲೆಯೂರಬಹುದೆಂಬ ಆಸೆ.

ವೃದ್ಧಾಶ್ರಮದ ಪಾಠವೇ ಬೇರೆ. ಮರೆವಿನ ಕಾಯಿಲೆಯ ಹಿರಿಯರು ಬಾಯಿ ತೆರೆಯಲು ಒಪ್ಪುವುದಿಲ್ಲ. ನೋವನ್ನು ಹೇಳಿಕೊಳ್ಳಲಾರದೆ ಊಟ ಬಿಡುತ್ತಾರೆ. ಅಲ್ಲಿ ವಿದ್ಯಾರ್ಥಿ ಕೊರೆಯುವ ಯಂತ್ರಕ್ಕಿಂತ ಮೆತ್ತನೆಯ ಬ್ರಷ್ ಹಿಡಿಯುವುದೇ ಹೆಚ್ಚು. ಅಲ್ಲಿನ ಸಿಬ್ಬಂದಿಗೂ ಆ ಕೆಲಸ ಕಲಿಸಬೇಕಾಗುತ್ತದೆ. ವೃದ್ಧರ ಆರೈಕೆ ಕುರಿತ ರಾಷ್ಟ್ರೀಯ ವಿಚಾರಣಾ ಆಯೋಗ 2021ರಲ್ಲಿ ನೀಡಿದ ಅಂತಿಮ ವರದಿಯೂ ಹಿರಿಯರ ಬಾಯಿಯ ಆರೈಕೆಯ ನಿರ್ಲಕ್ಷ್ಯವನ್ನು ಎತ್ತಿ ತೋರಿಸಿತು.

ಖರ್ಚು ಯಾರದು?

ಈ ವ್ಯವಸ್ಥೆಯ ದುರ್ಬಲ ಕೊಂಡಿಯೂ ಇಲ್ಲಿಯೇ ಇದೆ. ಪಠ್ಯದ ಭಾಗವಾದ ಪ್ಲೇಸ್‌ಮೆಂಟಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಹೊರ ಊರಿಗೆ ಹೋದಾಗ ಅಲ್ಲಿ ಬಾಡಿಗೆ, ಇಲ್ಲಿಯ ಕೊಠಡಿಗೂ ಬಾಡಿಗೆ. ಜೀವನೋಪಾಯಕ್ಕೆ ಹಿಡಿದಿದ್ದ ಅರೆಕಾಲಿಕ ಕೆಲಸವೂ ಕೈತಪ್ಪುತ್ತದೆ. ಅಲ್ಲಿನ ಪತ್ರಿಕೆಗಳಲ್ಲಿ ಇದಕ್ಕೆ 'ಪ್ಲೇಸ್‌ಮೆಂಟ್ ಬಡತನ' ಎಂಬ ಹೆಸರೇ ಬಿದ್ದಿದೆ.

ಆಸ್ಟ್ರೇಲಿಯ ಸರ್ಕಾರ 2025ರ ಜುಲೈ 1ರಿಂದ ಶಿಕ್ಷಕ ತರಬೇತಿ, ನರ್ಸಿಂಗ್, ಹೆರಿಗೆ ಶುಶ್ರೂಷೆ ಮತ್ತು ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಆದಾಯ ಪರಿಶೀಲನೆಗೆ ಒಳಪಟ್ಟು ವಾರಕ್ಕೆ 331.65 ಡಾಲರ್ ಭತ್ಯೆ ಆರಂಭಿಸಿತು. ಆ ಪಟ್ಟಿಯಲ್ಲಿ ಬಾಯಿ ಆರೋಗ್ಯದ ವಿದ್ಯಾರ್ಥಿಗಳಿಗೆ ಜಾಗ ಸಿಗಲಿಲ್ಲ. ಪರಿಣಾಮ ವಿದ್ಯಾರ್ಥಿಯ ಕಿಸೆಗಷ್ಟೇ ಸೀಮಿತವಲ್ಲ. ಖರ್ಚು ಭರಿಸಬಲ್ಲವರು ಮಾತ್ರ ಈ ಓದಿಗೆ ಬಂದರೆ, ಬಡಾವಣೆಯ ಹಾಗೂ ಹಳ್ಳಿಯ ಮಕ್ಕಳ ಕಷ್ಟ ಬಲ್ಲವರು ಹೊರಗೇ ಉಳಿಯುತ್ತಾರೆ. ಯಾರಿಗಾಗಿ ಈ ವೃತ್ತಿ ಹುಟ್ಟಿತೋ ಅವರೇ ನಷ್ಟ ಹೊರುತ್ತಾರೆ.

ನಮ್ಮಲ್ಲಿ

ಭಾರತದ 1948ರ ದಂತವೈದ್ಯರ ಕಾಯ್ದೆ ದಂತವೈದ್ಯರಲ್ಲದೆ ಹೈಜೀನಿಸ್ಟ್ ಮತ್ತು ದಂತ ಮೆಕ್ಯಾನಿಕ್‌ಗಳನ್ನು ಗುರುತಿಸಿತ್ತು. ಮಕ್ಕಳ ಹಲ್ಲಿಗೆ ಚಿಕಿತ್ಸೆ ನೀಡುವ ಥೆರಪಿಸ್ಟ್ ವರ್ಗಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ. ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ. ಬಿಡಿಎಸ್ ಓದಿದವರಿಗೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಇದೆ. ಆದ್ದರಿಂದ ಆಸ್ಟ್ರೇಲಿಯದ ವೃತ್ತಿಯನ್ನು ಹಾಗೆಯೇ ಇಲ್ಲಿಗೆ ತರಬೇಕೇ ಎಂಬುದು ಬೇರೆಯೇ ಚರ್ಚೆ.

ಆದರೆ ಒಂದು ಸಂಗತಿಯನ್ನು ನಮ್ಮ ನಗರವಾಸಿ ಪೋಷಕರೂ ಇಂದೇ ರೂಢಿಸಿಕೊಳ್ಳಬಹುದು. ಬೋಧನಾ ಆಸ್ಪತ್ರೆಗೆ ಮಗುವನ್ನು ಕರೆದೊಯ್ದಾಗ ಮೂರು ಪ್ರಶ್ನೆ ಕೇಳುವುದು ತಪ್ಪಲ್ಲ. ಚಿಕಿತ್ಸೆ ನೀಡುವವರು ಯಾರು? ಅವರ ಕೆಲಸವನ್ನು ಪರಿಶೀಲಿಸುವವರು ಯಾರು? ಯಾವ ಯಾವ ಹಂತದಲ್ಲಿ ಅವರು ಬಂದು ನೋಡುತ್ತಾರೆ? ಸರಿಯಾದ ಉತ್ತರ ದೊರೆತರೆ ವಿದ್ಯಾರ್ಥಿಯ ಕೈಗೆ ಹೆದರಬೇಕಿಲ್ಲ. ಹಂತಹಂತಕ್ಕೂ ಎರಡನೆಯ ಜೋಡಿ ಕಣ್ಣು ಕಾವಲಿರುವ ಕೈ ಅದು. ಇಂದು ನಿಮ್ಮ ಮಗು ತೆರೆದ ಬಾಯಿ ನಾಳೆ ನೂರಾರು ಮಕ್ಕಳ ಹಲ್ಲುಳಿಸುವ ಒಬ್ಬ ಚಿಕಿತ್ಸಕರಿಗೆ ಪಾಠವಾಗಬಹುದು. ಆ ಪಾಠ ಮಗುವಿನ ನೋವಿನ ಬೆಲೆಯಲ್ಲಿ ನಡೆಯದಂತೆ ನೋಡಿಕೊಳ್ಳುವುದು ಕಲಿಸುವವರ ಹೊಣೆ. ಕೇಳಿ ತಿಳಿದುಕೊಳ್ಳುವುದು ನಮ್ಮ ಹಕ್ಕು.