ಒಂಟಿ ಹಳಿಯ ಮಾರ್ಗದಲ್ಲಿ ಹೆಚ್ಚು ಗಾಡಿಗಳು: ಖೋಪೋಲಿ ಶಾಖೆಯ ನಿದರ್ಶನ

ಮುಂಬಯಿ-ಪುಣೆ ರೈಲು ಮಾರ್ಗದಿಂದ ಕರ್ಜತ್‌ನ ಬಳಿ ಕವಲೊಡೆದು, ಸಹ್ಯಾದ್ರಿಯ ಬುಡದಲ್ಲಿರುವ ಖೋಪೋಲಿಯವರೆಗೆ ಸಾಗುವ ಸುಮಾರು 15 ಕಿ.ಮೀ. ಉದ್ದದ ಶಾಖಾ ಮಾರ್ಗವೊಂದಿದೆ. ಇಂದು ಶಾಖೆಯೆನಿಸಿರುವ ಇದು ಒಂದು ಕಾಲದಲ್ಲಿ ಪ್ರಧಾನ ಮಾರ್ಗದ ತುದಿಯೇ ಆಗಿತ್ತು. 1856ರಲ್ಲಿ ಹಳಿಯು ಖೋಪೋಲಿಯನ್ನು ತಲುಪಿದಾಗ ಬೋರ್ ಘಟ್ಟದ ಕಾಮಗಾರಿ ಮುಗಿದಿರಲಿಲ್ಲ. ಪುಣೆಯ ಕಡೆಗೆ ಹೋಗುವವರು ಇಲ್ಲಿಳಿದು, ಪಲ್ಲಕ್ಕಿಯಲ್ಲಿಯೋ ಎತ್ತಿನ ಬಂಡಿಯಲ್ಲಿಯೋ ಘಟ್ಟವನ್ನೇರಬೇಕಾಗಿತ್ತು. 1863ರಲ್ಲಿ ಘಟ್ಟದ ಮಾರ್ಗವು ತೆರೆದ ಮೇಲೆ ಖೋಪೋಲಿ ಬದಿಗೆ ಸರಿಯಿತು.

ಕೈಗಾರಿಕೆಗಳು ಬೆಳೆದಂತೆ ಈ ಪಟ್ಟಣಕ್ಕೆ ನಿತ್ಯವೂ ಹೋಗಿಬರುವವರ ಸಂಖ್ಯೆ ಹೆಚ್ಚಿತು. ಮುಂಬಯಿಯ ಲೋಕಲ್ ಗಾಡಿಗಳು ಇಲ್ಲಿಯವರೆಗೂ ಬರುತ್ತವೆ. ಆದರೆ ಒಂದು ಗಾಡಿ ತಪ್ಪಿದರೆ ಮುಂದಿನದಕ್ಕಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ. "ಇನ್ನಷ್ಟು ಗಾಡಿಗಳನ್ನು ಏಕೆ ಬಿಡುವುದಿಲ್ಲ?" ಎಂಬ ಪ್ರಯಾಣಿಕರ ಪ್ರಶ್ನೆ ಸಹಜವಾದುದು. ಇದಕ್ಕೆ ಬೋಗಿಗಳ ಕೊರತೆಯೊಂದೇ ಕಾರಣವೆಂದು ಭಾವಿಸುವುದು ಸರಿಯಲ್ಲ.

ಒಂಟಿ ಹಳಿಯ ಮಾರ್ಗದಲ್ಲಿ ಹೋಗುವ ಗಾಡಿಗೂ ಬರುವ ಗಾಡಿಗೂ ಹಾದಿ ಒಂದೇ. ಆದಕಾರಣ, ಒಂದು ಗಾಡಿಯು ಒಂದು ವಿಭಾಗವನ್ನು ಬಿಟ್ಟು ಹೊರಬರುವವರೆಗೆ ಎದುರಿನಿಂದ ಬೇರೊಂದನ್ನು ಅದರೊಳಗೆ ಬಿಡುವಂತಿಲ್ಲ. ಹಿಂದೆ ಈ ಅನುಮತಿಯ ಗುರುತಾಗಿ ಚಾಲಕನ ಕೈಗೆ ಲೋಹದ ಟೋಕನ್ ಒಂದನ್ನು ಕೊಡಲಾಗುತ್ತಿತ್ತು. ಅದು ಕೈಯಲ್ಲಿಲ್ಲದೆ ಆತ ಮುಂದೆ ಸಾಗುವಂತಿರಲಿಲ್ಲ. ಈಗ ಬಹುತೇಕ ಕಡೆಗಳಲ್ಲಿ ಆ ಕೆಲಸವನ್ನು ವಿದ್ಯುತ್ ಸಿಗ್ನಲ್ ವ್ಯವಸ್ಥೆ ನಿರ್ವಹಿಸುತ್ತದೆ. ನಿಯಮ ಮಾತ್ರ ಬದಲಾಗಿಲ್ಲ.

ಮಾರ್ಗವೊಂದರ ಸಾಮರ್ಥ್ಯವನ್ನು ಅಳೆಯಲು ರೈಲ್ವೆಯವರು ಬಹುಕಾಲದಿಂದ ಸರಳ ಸೂತ್ರವೊಂದನ್ನು ಬಳಸುತ್ತ ಬಂದಿದ್ದಾರೆ. ದಿನದ 1,440 ನಿಮಿಷಗಳನ್ನು, ಅತಿ ದೀರ್ಘ ವಿಭಾಗವನ್ನು ದಾಟಲು ಬೇಕಾಗುವ ಕಾಲ ಮತ್ತು ಸಿಗ್ನಲ್ ವ್ಯವಹಾರಕ್ಕೆ ತಗಲುವ ಕಾಲ, ಇವೆರಡರ ಮೊತ್ತದಿಂದ ಭಾಗಿಸಬೇಕು, ಬಂದುದರಲ್ಲಿ ಶೇ. 70ನ್ನು ಮಾತ್ರ ಪರಿಗಣಿಸಬೇಕು. ಹಳಿಯ ದುರಸ್ತಿ ಮತ್ತು ಅನಿವಾರ್ಯ ವಿಳಂಬಗಳಿಗೆ ಉಳಿದ ಶೇ. 30 ಮೀಸಲು. ಉದಾಹರಣೆಗಾಗಿ, ಖೋಪೋಲಿ ಶಾಖೆಯಂಥ ಹಾದಿಯನ್ನು ಇಡಿಯಾಗಿ ಒಂದೇ ವಿಭಾಗವೆಂದು ಎಣಿಸಿ, ದಾಟಲು 25 ನಿಮಿಷ ಮತ್ತು ಸಿಗ್ನಲ್‌ಗೆ 5 ನಿಮಿಷ ಹಿಡಿಯೋಣ. ಆಗ ಎರಡೂ ದಿಕ್ಕುಗಳು ಸೇರಿ ದಿನಕ್ಕೆ 33 ಗಾಡಿಗಳು. ಅಂದರೆ ಒಂದು ಕಡೆಗೆ ಸುಮಾರು 16. ರಾತ್ರಿಯ ಹೊತ್ತು ಗಾಡಿ ಓಡಿಸಿದರೆ ಹತ್ತುವವರು ವಿರಳವಾದುದರಿಂದ, ನಿಜವಾಗಿ ಉಪಯೋಗಕ್ಕೆ ಬರುವ ಸಂಖ್ಯೆ ಇನ್ನೂ ಕಡಿಮೆ.

ನಡುದಾರಿಯಲ್ಲಿ ಎರಡು ಗಾಡಿಗಳು ಪರಸ್ಪರ ದಾಟಿಹೋಗಲು ಒಂದು ಲೂಪ್ ಹಳಿಯನ್ನು ಹಾಕಿದರೆ? ವಿಭಾಗದ ಕಾಲ 13 ನಿಮಿಷಕ್ಕಿಳಿಯುತ್ತದೆ; ಸಿಗ್ನಲ್‌ನ 5 ನಿಮಿಷ ಹಾಗೆಯೇ ಉಳಿಯುತ್ತದೆ. ಸಾಮರ್ಥ್ಯವು 33ರಿಂದ 56ಕ್ಕೇರುತ್ತದೆಯೇ ಹೊರತು ಇಮ್ಮಡಿಯಾಗುವುದಿಲ್ಲ. ಮೇಲಾಗಿ ಒಂದು ಗಾಡಿ ತಡವಾದರೆ, ಅದಕ್ಕಾಗಿ ಲೂಪ್‌ನಲ್ಲಿ ಕಾದ ಎದುರು ಗಾಡಿಯೂ ತಡವಾಗುತ್ತದೆ. ಲೂಪ್ ಹಳಿಯು 12 ಬೋಗಿಗಳ ಲೋಕಲ್ ಗಾಡಿ ನಿಲ್ಲುವಷ್ಟು ಉದ್ದವೂ ಇರಬೇಕು.

ಮುಂಬಯಿಯಿಂದ ನೇರವಾಗಿ ಬರುವ ಗಾಡಿಗಳನ್ನು ಹೆಚ್ಚಿಸುವುದು ಇನ್ನೂ ಕಠಿಣ. ಅವುಗಳಿಗೆ ಕಲ್ಯಾಣ್‌ನಿಂದ ಕರ್ಜತ್‌ವರೆಗೆ ದೂರದ ಗಾಡಿಗಳ ನಡುವೆಯೂ ಎಡೆ ದೊರೆಯಬೇಕು. ಆದುದರಿಂದ ಕರ್ಜತ್-ಖೋಪೋಲಿ ನಡುವೆ ಮಾತ್ರ ಓಡಾಡುವ ಶಟಲ್ ಗಾಡಿಗಳೇ ಹೆಚ್ಚು ಪ್ರಯೋಜನಕರವೆನ್ನಬಹುದು. ಆದರೆ ಮುಂಬಯಿಯ ಗಾಡಿ ಹತ್ತು ನಿಮಿಷ ತಡವಾಗಿ ಬಂದಾಗ ಶಟಲ್ ಕಾಯದೆ ಹೊರಟುಹೋದರೆ, ವೇಳಾಪಟ್ಟಿಯಲ್ಲಿ ಎಷ್ಟು ಗಾಡಿಗಳಿದ್ದರೂ ಪ್ರಯಾಣಿಕನಿಗೆ ಫಲವಿಲ್ಲ.

ವೇಳಾಪಟ್ಟಿಯ ಬದಲಾವಣೆಯನ್ನು ರೈಲ್ವೆ ಆಡಳಿತವೇ ಮಾಡಬಲ್ಲದು. ಹೊಸ ಲೂಪ್ ಆಗಲಿ, ಎರಡನೆಯ ಹಳಿಯಾಗಲಿ ಪ್ರಯಾಣಿಕರ ಗಾಡಿಗಳಿಗೆ ತೆರೆಯಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಅವಶ್ಯಕ. ಪರಿಶೀಲನೆಯು ಸ್ವತಂತ್ರವಾಗಿ ನಡೆಯಲೆಂದು ಈ ಆಯುಕ್ತರನ್ನು ರೈಲ್ವೆ ಸಚಿವಾಲಯದ ಅಧೀನದಲ್ಲಿರಿಸದೆ, ನಾಗರಿಕ ವಿಮಾನಯಾನ ಸಚಿವಾಲಯದ ಆಡಳಿತಕ್ಕೆ ಒಳಪಡಿಸಲಾಗಿದೆ.