ಪಡೆಯದ ಸಾಲಕ್ಕೆ ವಸೂಲಿ ಕರೆ ಬಂದರೆ

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಗಾದೆಯಲ್ಲಿ ಇರುವವರು ಇಬ್ಬರೇ. ಈಗ ಮೂರನೆಯವರೂ ಸೇರಿದ್ದಾರೆ: ಇಸ್ಕೊಳ್ಳದೆಯೇ ಬೈಸಿಕೊಳ್ಳುವವರು. ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲಿ ಕೂತವರಿಗೆ ಎಲ್ಲಿಂದಲೋ ಫೋನು, ‘ಕಂತು ಬಾಕಿ ಇದೆ, ಇವತ್ತೇ ಕಟ್ಟಿ’ ಅಂತ. ಆ ನಂಬರು ಹಿಂದೆ ಬೇರೆಯವರದ್ದಾಗಿರಬಹುದು, ಪರಿಚಯದವರು ಸಾಲದ ಅರ್ಜಿಯಲ್ಲಿ ನಿಮ್ಮ ನಂಬರು ಬರೆದಿರಬಹುದು, ಇಲ್ಲವೇ ನಿಮ್ಮ ಪ್ಯಾನ್, ಆಧಾರ್ ಬಳಸಿ ಯಾರೋ ಸಾಲ ಎತ್ತಿರಬಹುದು.

ವಾದಕ್ಕೆ ಇಳಿಯಬೇಡಿ. ಯಾವ ಬ್ಯಾಂಕು ಅಥವಾ ಫೈನಾನ್ಸು, ಸಾಲದ ಖಾತೆ ಸಂಖ್ಯೆ ಏನು, ಮಾತಾಡುತ್ತಿರುವವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಟಿಪಿ, ಆಧಾರ್ ಸಂಖ್ಯೆ ಹೇಳಬೇಡಿ. ‘ಸದ್ಯಕ್ಕೆ ಐನೂರು ಹಾಕಿ’ ಎಂದರೂ ಹಾಕಬೇಡಿ. ಸಾಲ ಒಪ್ಪಿಕೊಂಡಿದ್ದಕ್ಕೆ ಅದೇ ಸಾಕ್ಷಿಯಾದೀತು.

ಆಮೇಲೆ ನಿಮ್ಮ ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕ್ರೆಡಿಟ್ ಕಂಪನಿಗಳು ಅದನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಅದರಲ್ಲಿ ಆ ಸಾಲ ಕಾಣದಿದ್ದರೆ, ನಂಬರು ತೆಗೆದುಹಾಕುವಂತೆ ಸಾಲ ಕೊಟ್ಟ ಸಂಸ್ಥೆಗೆ ಇಮೇಲ್ ಬರೆಯಿರಿ. ಕಂಡರೆ, ಸಂಸ್ಥೆಗೂ ಕ್ರೆಡಿಟ್ ಕಂಪನಿಗೂ ದೂರು ಕೊಟ್ಟು, ಸಾಲಪತ್ರದ ಪ್ರತಿ ಮತ್ತು ಹಣ ಜಮೆಯಾದ ಖಾತೆಯ ವಿವರ ಕೇಳಿ. 30 ದಿನದಲ್ಲಿ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಮೋಸವೆಂದು ಗೊತ್ತಾದರೆ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ನಗರದ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಿ.

ಜಾಮೀನು ಹಾಕಿದ್ದರೆ ಮಾತ್ರ ಕಥೆ ಬೇರೆ: 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ತೀರಿಕೊಂಡ ಅಪ್ಪನ ಸಾಲವಾದರೆ, ಅವರಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಮಕ್ಕಳು ಹೊಣೆ.

ಬ್ಯಾಂಕ್, ಫೈನಾನ್ಸ್‌ಗಳ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಸಾಲಗಾರನ ಮನೆಯವರನ್ನಾಗಲಿ ಸ್ನೇಹಿತರನ್ನಾಗಲಿ ಕಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿ ಹಾಕಿದ ನಿಯಮ. ನಿಮ್ಮ ದೂರಿಗೆ ಸಂಸ್ಥೆ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, 14448ರಲ್ಲಿ ಮಾಹಿತಿ ಸಿಗುತ್ತದೆ. ನೋಂದಣಿಯೇ ಇಲ್ಲದ ಲೇವಾದೇವಿದಾರರು ಬಲವಂತ ಮಾಡಿದರೆ ರಾಜ್ಯದ 2025ರ ಕಿರುಸಾಲ ಕಾನೂನಿದೆ; ಶಿಕ್ಷೆ 10 ವರ್ಷದವರೆಗೂ ಜೈಲು.

ಸಾಲ ಇದೆ ಎನ್ನುವವರೇ ಕಾಗದ ತೋರಿಸಬೇಕು. ಫೋನಿನ ಗದರಿಕೆಗೆ ಹೆದರಬೇಡಿ. ಆದರೆ ಕೋರ್ಟಿನ ಸಮನ್ಸ್ ಬಂದರೆ ಮೂಲೆಗೆ ಎಸೆಯಬೇಡಿ. ಮೈಸೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ.