ಕಾಗದದ ಕುಂಬಳಕಾಯಿ

ಕಾಗದವು ಉದ್ದ ಅಗಲಗಳನ್ನು ಮಾತ್ರ ಬಲ್ಲ ವಸ್ತು. ದಪ್ಪವೆಂಬುದು ಅದಕ್ಕೆ ಇದ್ದೂ ಇಲ್ಲದಂತೆ. ನಾವು ದಿನನಿತ್ಯ ಬರೆಯುವ ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೇ. ಇಂತಹ ಹಾಳೆಯೊಂದನ್ನು ಕೈಗೆ ಕೊಟ್ಟು, ಇದರಿಂದ ಗುಂಡನೆಯ ಕುಂಬಳಕಾಯಿಯೊಂದನ್ನು ಮಾಡು ಎಂದರೆ ಯಾರಾದರೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಅಮೆರಿಕ, ಐರ್ಲೆಂಡ್ ಮೊದಲಾದ ದೇಶಗಳಲ್ಲಿ ಎಷ್ಟೋ ಮಕ್ಕಳು ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮಾಡುವ ಕೆಲಸ ಇದೇ. ಕತ್ತರಿ, ಅಂಟು, ಬಣ್ಣದ ಕಾಗದ ಇಷ್ಟರಿಂದಲೇ ಅವರು ಕುಂಬಳಕಾಯಿ, ಬಾವಲಿ, ಮಾಟಗಾತಿಯ ಟೊಪ್ಪಿಗೆ ಮುಂತಾದುವನ್ನು ನಿರ್ಮಿಸಿ ಮನೆಯನ್ನೂ ಶಾಲೆಯನ್ನೂ ಅಲಂಕರಿಸುತ್ತಾರೆ. ಚಪ್ಪಟೆಯಾದುದು ಗುಂಡಗಾಗುವುದು ಹೇಗೆ, ಕಾಗದ ಎಲ್ಲಿ ಒಲಿಯುತ್ತದೆ, ಎಲ್ಲಿ ಮುನಿಯುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಈ ಅಲಂಕಾರಗಳು ಹ್ಯಾಲೊವೀನ್ ಎಂಬ ಹಬ್ಬಕ್ಕೆ ಸೇರಿದವು. ಕ್ರೈಸ್ತರಲ್ಲಿ ನವೆಂಬರ್ 1 ಸಕಲ ಸಂತರ ದಿನ. ಅದರ ಹಿಂದಿನ ಸಂಜೆ, ಅಂದರೆ ಅಕ್ಟೋಬರ್ 31, ಹ್ಯಾಲೊವೀನ್. ಆದರೆ ಈ ಆಚರಣೆಯ ಬೇರುಗಳಲ್ಲಿ ಕೆಲವು ಕ್ರೈಸ್ತಧರ್ಮಕ್ಕಿಂತಲೂ ಹಳೆಯವೆಂದು ಹೇಳುವುದುಂಟು. ಐರ್ಲೆಂಡಿನ ಪ್ರಾಚೀನ ಜನರು ಬೇಸಗೆ ಮುಗಿದು ಚಳಿಗಾಲ ಕಾಲಿಡುವ ಈ ಹೊತ್ತಿನಲ್ಲಿ ಒಂದು ಹಬ್ಬವನ್ನು ಆಚರಿಸುತ್ತಿದ್ದರು. ಅದರ ಹೆಸರಿನ ಉಚ್ಚಾರಣೆ ಹೆಚ್ಚು ಕಡಿಮೆ 'ಸಾವಿನ್' ಎಂಬಂತಿದೆ. ಸತ್ತವರ ಆತ್ಮಗಳು ತಿರುಗಾಡುವ ರಾತ್ರಿಗೆ ಇಂತಹ ಹೆಸರು ಎಂದೊಡನೆ ಕನ್ನಡಿಗರ ಕಿವಿ ನೆಟ್ಟಗಾಗುವುದು ಸಹಜ. ಆದರೆ ನಮ್ಮ 'ಸಾವು' ಎಂಬ ಮಾತಿಗೂ ಅದಕ್ಕೂ ಯಾವ ನಂಟೂ ಇಲ್ಲ. ಇದು ಧ್ವನಿಯ ಆಕಸ್ಮಿಕ ಹೋಲಿಕೆ ಮಾತ್ರ.

ಕೆಟ್ಟ ಆತ್ಮಗಳನ್ನು ಬೆದರಿಸಲೆಂದು ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು, ಅದಕ್ಕೆ ಕಣ್ಣು ಬಾಯಿ ಕೆತ್ತಿ, ಒಳಗೆ ದೀಪವಿಡುತ್ತಿದ್ದರು. ಅಂತಹ ಗೆಡ್ಡೆಯೊಂದರ ಅಚ್ಚು ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಸುಕ್ಕುಗಟ್ಟಿದ ಅದರ ಮುಖವನ್ನು ಕಂಡರೆ ದೆವ್ವವಲ್ಲ, ಮನುಷ್ಯನೇ ಬೆಚ್ಚಬೇಕು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಘೋರ ಕ್ಷಾಮ ತಲೆದೋರಿತು. ಲಕ್ಷಾಂತರ ಜನ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ವಲಸೆ ಹೋದರು. ಅವರೊಂದಿಗೆ ಹಬ್ಬವೂ ಸಾಗರ ದಾಟಿತು. ಅಲ್ಲಿ ಅವರಿಗೆ ಟರ್ನಿಪ್ಪಿಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಕಿತ್ತಳೆ ಬಣ್ಣದ ಸಿಹಿಗುಂಬಳ ದೊರೆಯಿತು. ನಮ್ಮಲ್ಲಿಯೂ ಕಟ್ಟುತ್ತಿರುವ ಮನೆಯ ಮುಂದೆ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು, ದೃಷ್ಟಿ ತಾಕದಿರಲೆಂದು ತೂಗುಹಾಕುವುದನ್ನು ನೀವು ನೋಡಿಯೇ ಇರುತ್ತೀರಿ. ಎರಡೂ ಕಡೆ ಕುಂಬಳವೇ ಕಾವಲುಗಾರ!

ಕಾಯಿ ಕಾಗದವಾದದ್ದು ಇಪ್ಪತ್ತನೆಯ ಶತಮಾನದ ಕತೆ. ಆಗ ಅಮೆರಿಕದ ಊರುಗಳಲ್ಲಿ ಹ್ಯಾಲೊವೀನ್ ರಾತ್ರಿಯೆಂದರೆ ಹಿರಿಯರಿಗೆ ತಲೆನೋವು. ಹುಡುಗರ ಗುಂಪುಗಳು ಬೇಲಿ ಕೀಳುವುದು, ಕಿಟಕಿಯ ಗಾಜು ಒಡೆಯುವುದು ಮುಂತಾದ ಕಿಡಿಗೇಡಿತನಕ್ಕೆ ಇಳಿಯುತ್ತಿದ್ದವು. 1920 ಮತ್ತು 1930ರ ದಶಕಗಳಲ್ಲಿ ಊರಿನ ಸಂಘ ಸಂಸ್ಥೆಗಳು ಮಕ್ಕಳನ್ನು ಬೀದಿಯಿಂದ ಒಳಗೆ ಕರೆಯಲೆಂದು ಸಂತೋಷಕೂಟಗಳನ್ನು ಏರ್ಪಡಿಸತೊಡಗಿದವು. ಕೂಟವೆಂದ ಮೇಲೆ ಅಲಂಕಾರ ಬೇಡವೆ? ಮ್ಯಾಸಚೂಸೆಟ್ಸ್ ರಾಜ್ಯದ ಡೆನಿಸನ್ ಎಂಬ ಕಾಗದದ ಕಂಪನಿ ಇದನ್ನು ಮೊದಲೇ ಮನಗಂಡಿತ್ತು. ಅದು 1909ರಲ್ಲಿ 'ಬೋಗಿ ಬುಕ್' ಎಂಬ ಪುಸ್ತಿಕೆಯನ್ನು ಹೊರತಂದು, ತನ್ನ ಕಾಗದದಿಂದ ಹ್ಯಾಲೊವೀನಿಗೆ ಏನೇನು ಮಾಡಬಹುದೆಂಬುದನ್ನು ಗೃಹಿಣಿಯರಿಗೆ ತಿಳಿಸಿಕೊಟ್ಟಿತು. ಕಾಗದ ಮಾರುವುದು ಕಂಪನಿಯ ಉದ್ದೇಶವೆಂಬುದರಲ್ಲಿ ಸಂಶಯವಿಲ್ಲ; ಆದರೂ ಕಲ್ಲೆಸೆಯುವ ಕೈಗೆ ಕತ್ತರಿಯನ್ನು ಕೊಟ್ಟದ್ದು ಸಣ್ಣ ಕೆಲಸವೇನಲ್ಲ.

ಇನ್ನು ಕಾಗದದ ಸ್ವಭಾವವನ್ನು ಪರಿಶೀಲಿಸೋಣ. ಒಂದು ಹಾಳೆಯನ್ನು ಸುರುಳಿ ಸುತ್ತಿದರೆ ಅದು ಕೊಳವೆಯಾಗುತ್ತದೆ. ಕಡಲೆಕಾಯಿ ಮಾರುವವನು ಅದನ್ನೇ ಓರೆಯಾಗಿ ಸುತ್ತಿ ಪೊಟ್ಟಣ ಮಾಡುತ್ತಾನೆ; ಅದು ಶಂಕು. ಎರಡರಲ್ಲಿಯೂ ಕಾಗದ ಯಾವ ತಕರಾರೂ ಇಲ್ಲದೆ ಬಗ್ಗುತ್ತದೆ. ಆದರೆ ಅದೇ ಹಾಳೆಯಿಂದ ಒಂದು ಚೆಂಡನ್ನು ಮುಚ್ಚಲು ಯತ್ನಿಸಿ ನೋಡಿ. ಎಲ್ಲೆಲ್ಲಿಯೂ ಸುಕ್ಕು, ನೆರಿಗೆ. ಬಲವಂತ ಮಾಡಿದರೆ ಹರಿಯುತ್ತದೆ. ಇದು ಕೈಯ ದೋಷವಲ್ಲ. ಕಾಗದ ಒಂದು ಸ್ಥಳದಲ್ಲಿ ಒಂದು ದಿಕ್ಕಿಗೆ ಬಗ್ಗಬಲ್ಲುದೇ ಹೊರತು, ಅದೇ ಸ್ಥಳದಲ್ಲಿ ಎರಡು ದಿಕ್ಕಿಗೂ ಒಮ್ಮೆಗೇ ಬಗ್ಗಲಾರದು. ಚೆಂಡಿನ ಮೈಯಾದರೋ ಪ್ರತಿಯೊಂದು ಬಿಂದುವಿನಲ್ಲಿಯೂ ಎಲ್ಲ ದಿಕ್ಕುಗಳಿಗೂ ಬಾಗಿದೆ. ಯಾವುದೇ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಎಷ್ಟು ಬಗ್ಗಿಸಿದರೂ ಅದರ ಈ ಬಗೆಯ ವಕ್ರತೆ ಬದಲಾಗುವುದಿಲ್ಲವೆಂದು ಜರ್ಮನಿಯ ಮಹಾಗಣಿತಜ್ಞ ಗೌಸ್ 1827ರಲ್ಲಿ ಸಿದ್ಧಪಡಿಸಿದನು. ಚಪ್ಪಟೆಯಾದುದು ಗೋಳವಾಗದು, ಗೋಳವೂ ಚಪ್ಪಟೆಯಾಗದು. ಭೂಪಟ ಬರೆಯುವವರನ್ನು ಕಾಡುವ ತೊಡಕೂ ಇದೇ. ಗೋಡೆಯ ಮೇಲಿನ ಕೆಲವು ಭೂಪಟಗಳಲ್ಲಿ ಗ್ರೀನ್‌ಲೆಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವವಾಗಿ ಆಫ್ರಿಕ ಅದರ ಸುಮಾರು ಹದಿನಾಲ್ಕು ಪಟ್ಟು ವಿಸ್ತಾರವಾದುದು.

ಆದುದರಿಂದ ಜಾಣನಾದ ಕುಶಲಿ ಕಾಗದಕ್ಕೆ ಒಲಿದ ಆಕಾರದಿಂದಲೇ ತೊಡಗುತ್ತಾನೆ. ಮಾಟಗಾತಿಯ ಟೊಪ್ಪಿಗೆ ಕಡಲೆಕಾಯಿಯ ಪೊಟ್ಟಣದ ತಮ್ಮನೇ ಸರಿ. 20 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ಕಪ್ಪು ಕಾಗದದ ಮೇಲೆ ಬರೆದು, ಅದರ ಕಾಲುಭಾಗವನ್ನು ಮಾತ್ರ ಕತ್ತರಿಸಿಕೊಳ್ಳಿರಿ. ಅಂಟು ಹಚ್ಚಲು ಒಂದು ಅಂಚಿನಲ್ಲಿ ಒಂದು ಸೆಂಟಿಮೀಟರಿನಷ್ಟು ಹೆಚ್ಚಿಗೆ ಬಿಟ್ಟಿರಬೇಕು. ಎರಡು ನೇರ ಅಂಚುಗಳನ್ನು ಕೂಡಿಸಿದರೆ ಶಂಕು ಸಿದ್ಧವಾಗುತ್ತದೆ. ಅದರ ಬುಡದ ತ್ರಿಜ್ಯ 5 ಸೆಂಟಿಮೀಟರ್; ಏಕೆಂದರೆ ದೊಡ್ಡ ವೃತ್ತದ ಪರಿಧಿಯ ಕಾಲುಭಾಗವೇ ಈಗ ಬುಡದ ಪೂರ್ಣ ಪರಿಧಿ. ಎತ್ತರವೆಷ್ಟೆಂಬುದನ್ನು ಪೈಥಾಗೊರಸನ ಪ್ರಮೇಯದಿಂದ ನೀವೇ ಕಂಡುಕೊಳ್ಳಬಹುದು, 19.4 ಸೆಂಟಿಮೀಟರಿಗೆ ಸಮೀಪದ ಉತ್ತರ ಬರಬೇಕು. ಪೊಟ್ಟಣ ಟೊಪ್ಪಿಗೆಯಾಗಲು ಅದಕ್ಕೆ ಅಗಲವಾದ ಅಂಚೊಂದು ಬೇಕು. ನಡುವೆ ಅದೇ ಅಳತೆಯ ತೂತುಳ್ಳ ಕಾಗದದ ಬಳೆಯೊಂದನ್ನು ಕತ್ತರಿಸಿ ಶಂಕುವಿಗೆ ತೊಡಿಸಿದರಾಯಿತು.

ಕುಂಬಳಕಾಯಿಗೆ ಬಂದಾಗ ಈ ಸಲಿಗೆ ನಡೆಯುವುದಿಲ್ಲ. ಮುತ್ತುಗದ ಎಲೆಯಿಂದ ದೊನ್ನೆ ಕಟ್ಟುವವರು ಅಂಚನ್ನು ಮಡಿಚಿ ಕಡ್ಡಿ ಚುಚ್ಚುವಂತೆ, ಇಲ್ಲಿಯೂ ಏನಾದರೊಂದು ಉಪಾಯ ಹೂಡಬೇಕು. ಉಪಾಯಗಳಲ್ಲೆಲ್ಲ ಸರಳವಾದುದು ಪಟ್ಟಿಗಳದು. ಕಿತ್ತಳೆ ಬಣ್ಣದ, ತುಸು ಗಟ್ಟಿಯಾದ ಕಾಗದದಿಂದ 18 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಹನ್ನೆರಡು ಪಟ್ಟಿಗಳನ್ನು ಕತ್ತರಿಸಿಕೊಳ್ಳಿರಿ. ಇಲ್ಲಿ ಒಂದು ಸೂಕ್ಷ್ಮವುಂಟು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಒಂದು ಕಡೆಗೆ ಅದು ಸುಲಭವಾಗಿ ಬಾಗುವುದು ಕೈಗೇ ತಿಳಿಯುತ್ತದೆ. ಪಟ್ಟಿ ಬಿಲ್ಲಿನಂತೆ ಬಾಗಬೇಕಾದುದು ಆ ಸುಲಭದ ಕಡೆಗೆ. ಇದನ್ನು ಗಮನಿಸದೆ ಕತ್ತರಿಸಿದ ಪಟ್ಟಿ ಕಮಾನಾಗುವ ಬದಲು ನಡುವೆ ಮುರಿದಂತಾಗಿ ಕುಂಬಳದ ಅಂದಗೆಡಿಸುತ್ತದೆ.

ಪ್ರತಿ ಪಟ್ಟಿಯ ಎರಡು ತುದಿಗಳಲ್ಲಿಯೂ ಒಂದು ಸೆಂಟಿಮೀಟರ್ ಒಳಗೆ ತೂತು ಮಾಡಿ, ಹನ್ನೆರಡನ್ನೂ ಒಂದರ ಮೇಲೊಂದು ಪೇರಿಸಿರಿ. ದಾರದ ತುದಿಗೆ ಮಣಿಯೊಂದನ್ನು ಕಟ್ಟಿ, ಅದನ್ನು ಕೆಳಗಿನ ತೂತುಗಳ ಮೂಲಕ ಮೇಲಕ್ಕೆ ತಂದು, ಮೇಲಿನ ತೂತುಗಳಲ್ಲಿ ಪೋಣಿಸಿ ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ಬಿಲ್ಲಿನಂತೆ ಬಾಗುತ್ತವೆ. ಎರಡು ತುದಿಗಳ ನಡುವಣ ಅಂತರ 10 ಸೆಂಟಿಮೀಟರಿಗೆ ಬಂದಾಗ ದಾರವನ್ನು ಗಂಟು ಹಾಕಿ ಪಟ್ಟಿಗಳನ್ನು ಸುತ್ತಲೂ ಬಿಡಿಸಿದರೆ ಗುಂಡನೆಯ ಕಾಯಿ ಕಣ್ಣೆದುರು ನಿಲ್ಲುತ್ತದೆ. ಇನ್ನೂ ಎಳೆದು ಅಂತರವನ್ನು 7 ಸೆಂಟಿಮೀಟರಿಗೆ ಇಳಿಸಿದರೆ ಹೊಲದಲ್ಲಿ ಬೆಳೆದ ಕುಂಬಳದಂತೆ ಅದು ತುಸು ಕುಳ್ಳಾಗಿ ಹೊಟ್ಟೆ ಬಿಡುತ್ತದೆ. ಹಸಿರು ಕಾಗದದ ತೊಟ್ಟು, ಕಪ್ಪು ಕಾಗದದ ತ್ರಿಕೋನಾಕಾರದ ಕಣ್ಣುಗಳು, ಹಲ್ಲು ಕಿರಿದ ಬಾಯಿ ಇವನ್ನು ಅಂಟಿಸಿದರೆ ಮುಗಿಯಿತು.

ಈ ಕಾಯಿಯನ್ನು ಹತ್ತಿರದಿಂದ ನೋಡಿದರೆ ಅದರ ಕೊರತೆ ಗೋಚರವಾಗುತ್ತದೆ. ತುದಿಗಳಲ್ಲಿ ಪಟ್ಟಿಗಳು ಒಂದರ ಮೇಲೊಂದು ಏರಿಕೊಂಡಿವೆ. ನಡುವಿನಲ್ಲಿ ಒಂದನ್ನೊಂದು ಮುಟ್ಟಲಾರದೆ ಸಂದು ಬಿಟ್ಟಿವೆ. 10 ಸೆಂಟಿಮೀಟರ್ ವ್ಯಾಸದ ಗೋಳದ ನಡುಸುತ್ತಳತೆ 31.4 ಸೆಂಟಿಮೀಟರ್, ಹನ್ನೆರಡು ಪಟ್ಟಿಗಳ ಅಗಲವೆಲ್ಲ ಸೇರಿದರೂ 24 ಮಾತ್ರ. ಹಾಗಾದರೆ ಪಟ್ಟಿಯನ್ನು ನಡುವೆ ಅಗಲವಾಗಿಯೂ ತುದಿಗಳಲ್ಲಿ ಚೂಪಾಗಿಯೂ, ಕಿತ್ತಳೆಹಣ್ಣಿನ ತೊಳೆಯ ಬೆನ್ನಿನಂತೆ ಕತ್ತರಿಸಿದರೆ ಹೇಗೆ? ನಡುವೆ ಅದರ ಅಗಲ 31.4ರ ಹನ್ನೆರಡನೆಯ ಒಂದು ಪಾಲು, ಅಂದರೆ 2.6 ಸೆಂಟಿಮೀಟರ್ ಇರಲಿ. ನಡುವಿನಿಂದ ಎರಡೂ ಕಡೆಗೆ 2.6 ಸೆಂಟಿಮೀಟರ್ ದೂರದಲ್ಲಿ ಅಗಲ 2.3, 5.2 ಸೆಂಟಿಮೀಟರ್ ದೂರದಲ್ಲಿ ಸರಿಯಾಗಿ ಅರ್ಧ, ಎಂದರೆ 1.3, ಸುಮಾರು 7.9 ಸೆಂಟಿಮೀಟರ್ ದೂರದಲ್ಲಿ ಅದು ಮೊನೆಯಾಗಿ ಕೊನೆಗೊಳ್ಳಬೇಕು. ಈ ಗುರುತುಗಳನ್ನು ನಯವಾದ ಗೆರೆಯಿಂದ ಸೇರಿಸಿ, ಒಂದು ಬದಿಯಲ್ಲಿ ಅಂಟಿಗಾಗಿ ಅರ್ಧ ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು, ಆ ಅಂಚನ್ನು ಅಲ್ಲಲ್ಲಿ ಸೀಳಿ, ಹನ್ನೆರಡು ತುಂಡುಗಳನ್ನು ಜೋಡಿಸಿದರೆ ಸಂದಿಲ್ಲದ ಕಾಯಿ ದೊರೆಯುತ್ತದೆ. ಪಟ್ಟಿಯ ಕಾಯಿಗೆ ಅರ್ಧ ಗಂಟೆ ಸಾಕು. ಇದಕ್ಕೆ ಒಂದು ಇಡೀ ಮಧ್ಯಾಹ್ನವೂ ಸಾಲದೆ ಹೋಗಬಹುದು. ಇದೂ ನಿಜವಾದ ಗೋಳವಲ್ಲ. ಅಡ್ಡ ಕೊಯ್ದರೆ ಕಾಣುವುದು ವೃತ್ತವಲ್ಲ, ಹನ್ನೆರಡು ಬಾಹುಗಳ ಆಕೃತಿ. ಆದರೆ ಕುಂಬಳದ ಮೈಯಲ್ಲಿಯೂ ತೊಟ್ಟಿನಿಂದ ಬುಡದವರೆಗೆ ಏಣುಗಳು ಇದ್ದೇ ಇವೆಯಲ್ಲ! ಚೆಂಡಿನಲ್ಲಿ ಕುಂದೆನಿಸುವುದು ಕುಂಬಳದಲ್ಲಿ ಲಕ್ಷಣವೆನಿಸುತ್ತದೆ.

ಈ ಉಪಾಯ ಇಂದಿನದಲ್ಲ. 1507ರಲ್ಲಿ ವಾಲ್ಟ್‌ಜೇಮ್ಯೂಲರ್ ಎಂಬ ಜರ್ಮನ್ ಭೂಗೋಳಜ್ಞನು ಭೂಮಿಯ ನಕ್ಷೆಯನ್ನು ಇಂತಹವೇ ಹನ್ನೆರಡು ತುಂಡುಗಳಾಗಿ ಮುದ್ರಿಸಿದನು. ಕತ್ತರಿಸಿ ಅಂಟಿಸಿದರೆ ಸುಮಾರು 12 ಸೆಂಟಿಮೀಟರ್ ವ್ಯಾಸದ ಪುಟ್ಟ ಭೂಗೋಳವಾಗುತ್ತಿತ್ತು. 'ಅಮೆರಿಕ' ಎಂಬ ಹೆಸರು ನಕ್ಷೆಯ ಮೇಲೆ ಮೊಟ್ಟಮೊದಲು ಕಾಣಿಸಿಕೊಂಡದ್ದು ಆ ವರ್ಷ ಆತನು ಅಚ್ಚು ಹಾಕಿಸಿದ ನಕ್ಷೆಗಳಲ್ಲಿಯೇ.

ಕಾರ್ಖಾನೆಗಳವರು ಹೂಡಿದ ಉಪಾಯಗಳು ಬೇರೆ. ಕ್ರೇಪ್ ಕಾಗದದ ಮೈತುಂಬ ಕಣ್ಣಿಗೆ ಕಾಣುವಷ್ಟೇ ಸಣ್ಣ ಸುಕ್ಕುಗಳಿರುತ್ತವೆ; ಎಳೆದಾಗ ಸುಕ್ಕು ಬಿಡಿಸಿಕೊಂಡು ಕಾಗದ ಹಿಗ್ಗುತ್ತದೆ. ಹಿಗ್ಗಬಲ್ಲ ಕಾಗದಕ್ಕೆ ಗೌಸನ ಕಟ್ಟಳೆ ಅಡ್ಡಿಯಾಗದು. ಇದಕ್ಕಿಂತಲೂ ಚತುರವಾದುದು ಜೇನುಹುಟ್ಟಿನ ಮಾದರಿಯ ಕಾಗದ. ಪೆನ್ಸಿಲ್ವೇನಿಯ ರಾಜ್ಯದಲ್ಲಿ 1900ರಲ್ಲಿ ಆರಂಭವಾದ ಬೈಸ್ಟಲ್ ಎಂಬ ಕಂಪನಿ ಇಂತಹ ಅಲಂಕಾರಗಳಿಗೆ ಹೆಸರಾಯಿತು. ಅತಿ ತೆಳುವಾದ ಹಾಳೆಗಳನ್ನು ಪೇರಿಸುವಾಗ ಮೊದಲ ಎರಡರ ನಡುವೆ ಸಮಾನಾಂತರವಾಗಿ ಅಂಟಿನ ಗೆರೆಗಳನ್ನು ಎಳೆಯುತ್ತಾರೆ, ಎರಡನೆಯ ಮತ್ತು ಮೂರನೆಯ ಹಾಳೆಗಳ ನಡುವೆ ಹಿಂದಿನ ಗೆರೆಗಳ ಸಂದುಗಳಿಗೆ ಸರಿಯಾಗಿ ಎಳೆಯುತ್ತಾರೆ, ಹೀಗೆಯೇ ಕೊನೆಯವರೆಗೆ. ಆ ಕಟ್ಟನ್ನು ಗೆರೆಗಳಿಗೆ ಲಂಬವಾಗಿ ನೇರ ಅಂಚು ಬರುವಂತೆ ಅರ್ಧವೃತ್ತವಾಗಿ ಕತ್ತರಿಸಿ, ನೇರ ಅಂಚನ್ನು ಹೊಲಿದು, ಮೇಲೂ ಕೆಳಗೂ ರಟ್ಟು ಅಂಟಿಸುತ್ತಾರೆ. ಪುಸ್ತಕದಂತೆ ತೆರೆದು ಎರಡು ರಟ್ಟುಗಳನ್ನೂ ಬೆನ್ನಿಗೆ ಬೆನ್ನು ಕೂಡಿಸಿದರೆ ಸಾಕು, ಬೆರಳಿನಷ್ಟೂ ದಪ್ಪವಿಲ್ಲದ ಕಟ್ಟು ನೂರಾರು ಪುಟ್ಟ ಗೂಡುಗಳ ದುಂಡನೆಯ ಕಾಯಿಯಾಗಿ ಅರಳುತ್ತದೆ. ಇಲ್ಲಿ ಯಾವ ಹಾಳೆಯೂ ಗೋಳವಾಗಿಲ್ಲ. ಹಾಳೆಗಳ ಅಂಚುಗಳು ಮಾತ್ರ ಸೇರಿ ಗೋಳದ ರೂಪ ತಾಳಿವೆ.

ಮೂರನೆಯ ಉಪಾಯ ಕಾಗದವನ್ನೇ ನೆನೆಸಿ ಅರೆದು, ಆ ತಿರುಳನ್ನು ಅಚ್ಚಿಗೆ ಒತ್ತುವುದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂತಹ ತಿರುಳಿನ ಕುಂಬಳಗಳು ಅಮೆರಿಕದ ಅಂಗಡಿಗಳಲ್ಲಿ ಹೇರಳವಾಗಿದ್ದವು. ಕಣ್ಣು ಬಾಯಿಗಳ ಹಿಂದೆ ಬಣ್ಣದ ತೆಳುಕಾಗದ, ಒಳಗೆ ಮೇಣದ ಬತ್ತಿ! ಅವುಗಳಲ್ಲಿ ಎಷ್ಟೋ ಕಾಯಿಗಳು ಹಬ್ಬದ ರಾತ್ರಿಯೇ ಸುಟ್ಟುಹೋದವು. ಕಾಗದಕ್ಕೆ ಬೆಂಕಿ ಹತ್ತಲು ಸುಮಾರು 230 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ಬತ್ತಿಯ ಜ್ವಾಲೆಯದು 1000 ಡಿಗ್ರಿಗೂ ಮಿಗಿಲು. ನಿಜವಾದ ಕುಂಬಳದ ಒದ್ದೆ ತಿರುಳು ಆ ಬಿಸಿಯನ್ನು ತಡೆದುಕೊಂಡೀತು, ಕಾಗದ ತಡೆಯಲಾರದು. ನೀವು ಮಾಡಿದ ಕಾಯಿಯಲ್ಲಿ ಬೆಳಕು ಬೇಕೆನಿಸಿದರೆ ಬ್ಯಾಟರಿಯಿಂದ ಉರಿಯುವ ಪುಟ್ಟ ಎಲ್‌ಇಡಿ ದೀಪವನ್ನಿಡಿ. ಮೇಣದ ಬತ್ತಿಯನ್ನು ಮಾತ್ರ ಎಂದಿಗೂ ಇಡಕೂಡದು.

ನಮ್ಮ ದೀಪಾವಳಿಯ ಆಕಾಶಬುಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಬಿದಿರು ಕಡ್ಡಿಗಳ ಚೌಕ ತ್ರಿಕೋನಗಳಿಗೆ ಚಪ್ಪಟೆ ಕಾಗದ ಹಚ್ಚಿ, ಗೋಳದ ಗೊಡವೆಗೇ ಹೋಗದೆ, ದೂರಕ್ಕೆ ದುಂಡಗೆ ಕಾಣುವಂತೆ ಮಾಡಿದ ನಮ್ಮ ಹಿರಿಯರ ಜಾಣ್ಮೆ ಮೆಚ್ಚತಕ್ಕದ್ದೇ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಎರಡು ಹಬ್ಬಗಳೂ ಅಂದು ಒಟ್ಟಿಗೆ ಒದಗಿದವು.

ಹಬ್ಬ ಕಳೆದ ಮೇಲೆ ಕೊರೆದ ಕುಂಬಳ ನಾಲ್ಕಾರು ದಿನಗಳಲ್ಲಿ ಕೊಳೆತು ತಿಪ್ಪೆ ಸೇರುತ್ತದೆ. ಪಟ್ಟಿಯ ಕಾಯಿಯ ಕಣ್ಣು ಬಾಯಿಗಳನ್ನು ಮೆಲ್ಲಗೆ ಬಿಡಿಸಿ, ಗಂಟನ್ನು ಸಡಿಲಿಸಿದರೆ, ಹನ್ನೆರಡು ಪಟ್ಟಿಗಳೂ ನೇರವಾಗಿ ಒಂದರ ಮೇಲೊಂದು ಮಲಗುತ್ತವೆ. ಉದ್ದನೆಯ ಲಕೋಟೆಯೊಂದರಲ್ಲಿ ಇಟ್ಟರೆ ಮುಂದಿನ ವರ್ಷಕ್ಕೆ ಅದೇ ಕಾಯಿ ಸಿದ್ಧ.